ಮುಳುಗಡೆ ಮ್ಯೂಸಿಯಂ: ಕೊಳಗದ ಕೆಳಗೆ ಏನಂತ ಬರೆಯೋದು?

ಹಿನ್ನೀರ ಪಕ್ಕದವ | ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆಯವನು. ನಮ್ಮೂರಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಒಂದು ಕೋಣೆ ನಮ್ಮ ಸಂಘಕ್ಕೆ ಸಿಕ್ಕಿದೆ. ಇಪ್ಪತ್ತಡಿ ಉದ್ದ, ಹದಿನಾರಡಿ ಅಗಲ, ಮಂಗಳೂರು ಹೆಂಚು, ಎರಡು ಕಿಟಕಿ. ಅದರಲ್ಲಿ ಮುಳುಗಡೆಯದೊಂದು ಸಣ್ಣ ಮ್ಯೂಸಿಯಂ ಮಾಡೋಣ ಅಂತ ಹೊರಟಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಸಾಗರ, ಹೊಸನಗರ ಕಡೆಯ ಊರೂರೇ ನೀರೊಳಗೆ ಹೋದವು. ಅದಕ್ಕೂ ಮುಂಚೆ, 1948ರಲ್ಲಿ, ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಂತ ಇನ್ನೊಂದು ಅಣೆಕಟ್ಟು ಮುಗಿದಿತ್ತು. ಈಗ ಆ ಅಣೆಕಟ್ಟೇ ಮುಳುಗಡೆ. ಬೇಸಿಗೆಯಲ್ಲಿ ನೀರು ಪೂರಾ ಇಳಿದರೆ ಎದ್ದು ಬರುತ್ತೆ, ಜನ ಹೋಗಿ ಸೆಲ್ಫಿ ತೆಗೆದುಕೊಂಡು ಬರ್ತಾರೆ.

ಇಲ್ಲಿವರೆಗೆ ಸಿಕ್ಕಿದ್ದು: ಗಾಡಿ ಮೇಲೆ ಹೇರಿಕೊಂಡು ಬಂದ ಒಂದು ಕೆತ್ತನೆ ಬಾಗಿಲು, ಕಣಜದ ಹಲಗೆಗಳು, ಎರಡು ತಾಮ್ರದ ಹಂಡೆ, ಅಡಕತ್ತರಿ, ನಮ್ಮ ಮನೆಯದೇ ಒಂದು ಕೊಳಗ (ಭತ್ತ ಅಳೆಯೋ ಪಾತ್ರೆ), ಮುಳುಗಿದ ಶಾಲೆಯ ಹಾಜರಿ ಪುಸ್ತಕ, ಮನೆ ಬಿಡಬೇಕೆಂದು ಬಂದ ಮೂರು ನೋಟೀಸು.

ಸಂಘದವರ ಯೋಜನೆ ಹೀಗಿದೆ. ನಡುವೆ ಅಣೆಕಟ್ಟಿನ ಥರ್ಮೊಕೋಲ್ ಮಾದರಿ, ಬಟನ್ ಒತ್ತಿದರೆ ನೀಲಿ ದೀಪ. ಗೋಡೆ ತುಂಬ ಫ್ಲೆಕ್ಸ್. ಬಾಗಿಲ ಪಕ್ಕ, ತಲೆ ಮೇಲೆ ಗಂಟು ಹೊತ್ತು ಅಳುತ್ತಾ ನಿಂತ ಗಂಡ ಹೆಂಡತಿಯ ಫೈಬರ್ ಗೊಂಬೆ. ಗೊಂಬೆ ಮಾಡುವವರು ಅಡ್ವಾನ್ಸ್ ಕೇಳುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ, ಆದರೆ ಯಾಕೆ ಅಂತ ಮೀಟಿಂಗಲ್ಲಿ ಹೇಳೋಕೆ ಬರಲಿಲ್ಲ. ಇಲ್ಲಿ ತಿಳಿದವರಿದ್ದೀರಿ. ಏನಂತೀರಿ?

ನೇರ ಮಾತು | ಭಾನುವಾರ, ರಾತ್ರಿ 9:32

ಗೊಂಬೆ ಇಡಿ ಸ್ವಾಮಿ. ಗೊಂಬೆ ಇಲ್ಲದಿದ್ದರೆ ಯಾರು ಬರ್ತಾರೆ? ಹಂಡೆ, ಅಡಕತ್ತರಿ ಎಲ್ಲರ ಅಟ್ಟದಲ್ಲೂ ಇದೆ.

ಗಾಜಿನ ಪೆಟ್ಟಿಗೆ | ಭಾನುವಾರ, ರಾತ್ರಿ 11:05

ನಾನು ಬೆಂಗಳೂರಿನಲ್ಲಿ ಪ್ರದರ್ಶನಗಳ ವಿನ್ಯಾಸ ಮಾಡುವವಳು. ಗೊಂಬೆ ವಿಚಾರ ನಾಳೆ ಬರೀತೀನಿ. ಅದಕ್ಕಿಂತ ಅರ್ಜೆಂಟಾದದ್ದು ಒಂದಿದೆ: ಆ ಮೂರು ನೋಟೀಸುಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ! ಯಾರಾದರೂ ಒಬ್ಬರು "ಹಾಳಾಗುತ್ತೆ, ಲ್ಯಾಮಿನೇಷನ್ ಮಾಡಿಸಿಬಿಡೋಣ" ಅಂದೇ ಅಂತಾರೆ. ಒಮ್ಮೆ ಆ ಬಿಸಿ ಪ್ಲಾಸ್ಟಿಕ್ ಅಂಟಿತು ಅಂದರೆ ಮತ್ತೆ ಬಿಡಿಸೋಕೆ ಆಗಲ್ಲ, ಕಾಗದ ಒಳಗೇ ಹಳದಿಯಾಗಿ ಪುಡಿಯಾಗುತ್ತೆ. ಒಳ್ಳೆ ಫೋಟೋ ತೆಗೆಸಿ ಅದರ ಪ್ರಿಂಟನ್ನು ಗೋಡೆಗೆ ಹಾಕಿ. ಮೂಲವನ್ನು ಕತ್ತಲಲ್ಲಿ, ಒಣಗಿದ ಜಾಗದಲ್ಲಿ ಇಡಿ. ಮೂಲವನ್ನೇ ತೋರಿಸಬೇಕು ಅಂದರೆ ಬೆಳಕು 50 ಲಕ್ಸ್ ದಾಟಬಾರದು. ಅಂದರೆ ಸಂಜೆ ಜಗಲಿಯಲ್ಲಿ ಅಕ್ಷರ ಕಷ್ಟಪಟ್ಟು ಓದುವಷ್ಟು ಮಂದ ಬೆಳಕು.

ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ. ಗೋಡೆಗೆ ಏನನ್ನೂ ತಾಗಿಸಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಗಾಳಿಯಾಡಲಿ.

ಹಿನ್ನೀರ ಪಕ್ಕದವ | ಸೋಮವಾರ, ಬೆಳಿಗ್ಗೆ 6:50

ಮೇಡಂ, ನಿಮ್ಮ ಬಾಯಲ್ಲಿ ಸಕ್ಕರೆ ಹಾಕಬೇಕು. ಒಂದು ನೋಟೀಸು ಆಗಲೇ ಲ್ಯಾಮಿನೇಟ್ ಆಗಿದೆ. ಉಳಿದ ಎರಡನ್ನು ಈಗಷ್ಟೇ ಹೋಗಿ ವಾಪಸ್ ತಂದೆ.

ಒಸಾಕಾದಿಂದ | ಸೋಮವಾರ, ಬೆಳಿಗ್ಗೆ 8:15

ಗೊಂಬೆ ವಿಷಯಕ್ಕೆ ನನ್ನದೊಂದು ಅನುಭವ. ಹಿರೋಶಿಮಾದ ಶಾಂತಿ ಸ್ಮಾರಕ ಮ್ಯೂಸಿಯಂಗೆ ಎರಡು ಸಲ ಹೋಗಿದ್ದೇನೆ, 2014ರಲ್ಲಿ ಒಮ್ಮೆ, 2019ರ ಕೊನೆಗೆ ಒಮ್ಮೆ. ಮೊದಲ ಸಲ ಹೋದಾಗ ಅಲ್ಲೂ ಗೊಂಬೆಗಳಿದ್ದವು. ಬೆಂಕಿ ಬಿದ್ದ ಊರಿನ ನಡುವೆ ಬಟ್ಟೆ ಹರಿದು, ಚರ್ಮ ಜೋತುಬಿದ್ದು, ಕೈ ಮುಂದೆ ಚಾಚಿ ನಡೆದು ಬರುತ್ತಿರುವ ತಾಯಿ ಮಕ್ಕಳು. ಹಿಂದೆ ಕೆಂಪು ಬೆಳಕು. ನೋಡಿ ಬೆಚ್ಚಿಬಿದ್ದೆ, ನಿಜ.

2017ರಲ್ಲಿ ಅವನ್ನು ತೆಗೆದರು. ತೆಗೀಬಾರದು ಅಂತ ಅಲ್ಲಿಯ ಜನವೇ ತಕರಾರು ಮಾಡಿದ್ದರು. ಮಕ್ಕಳಿಗೆ ಭಯ ನೆನಪಿರಬೇಕು ಅನ್ನುವುದು ಅವರ ವಾದ. ಇನ್ನೊಂದು ಕಡೆಯಿಂದ, ಬದುಕಿ ಉಳಿದ ಕೆಲವರು "ನಾವು ಕಂಡದ್ದು ಇದಕ್ಕಿಂತ ಘೋರ, ಇದು ಏನೂ ಅಲ್ಲ" ಅನ್ನುತ್ತಿದ್ದರಂತೆ. ಕೊನೆಗೆ ಮ್ಯೂಸಿಯಂನವರು ನಿಜವಾದ ವಸ್ತುಗಳನ್ನೇ ನೆಚ್ಚಿಕೊಂಡರು. 2019ರ ಏಪ್ರಿಲ್‌ನಲ್ಲಿ ಮುಖ್ಯ ಕಟ್ಟಡ ಹೊಸದಾಗಿ ತೆರೆಯಿತು.

ಎರಡನೇ ಸಲ ಹೋದಾಗ ನಾನು ನಿಂತುಬಿಟ್ಟದ್ದು ಒಂದು ಮೂರು ಗಾಲಿ ಸೈಕಲ್ಲಿನ ಮುಂದೆ. ಶಿನ್‌ಇಚಿ ಅನ್ನೋ ಮೂರು ವರ್ಷದ ಮಗು ಅದನ್ನು ಆಡಿಸುತ್ತಿದ್ದಾಗಲೇ ಬಾಂಬ್ ಬಿದ್ದದ್ದು. ಅಷ್ಟು ಚಿಕ್ಕ ಮಗುವನ್ನು ಒಂಟಿಯಾಗಿ ಎಲ್ಲೋ ದೂರ ಹೂಳಲಾರದೆ, ತಂದೆ ಹಿತ್ತಲಲ್ಲೇ ಸೈಕಲ್ ಸಮೇತ ಹೂತರು. ನಲವತ್ತು ವರ್ಷ ಆದಮೇಲೆ, 1985ರಲ್ಲಿ, ಅಗೆದು ತೆಗೆದು ಸೈಕಲ್ಲನ್ನು ಮ್ಯೂಸಿಯಂಗೆ ಕೊಟ್ಟರು. ಗೊಂಬೆಗಳ ಮುಖ ನನಗೆ ಈಗ ನೆನಪಿಲ್ಲ. ಆ ಸೈಕಲ್ಲಿನ ತುಕ್ಕು ನೆನಪಿದೆ.

ಕಾಲುದಾರಿ | ಸೋಮವಾರ, ಬೆಳಿಗ್ಗೆ 9:40

ಒಸಾಕಾ ಅಕ್ಕ ಹೇಳಿದ್ದಕ್ಕೆ ಉಲ್ಟಾ ಉದಾಹರಣೆ ನಮ್ಮಲ್ಲೇ ಇದೆ. ಅಮೃತಸರದ ಜಲಿಯನ್‌ವಾಲಾ ಬಾಗ್. ಒಳಗೆ ಹೋಗೋಕೆ ಒಂದು ಇಕ್ಕಟ್ಟಾದ ಓಣಿ. 1919ರ ಏಪ್ರಿಲ್ 13ರಂದು ಡಯರ್ ಸೈನಿಕರನ್ನು ಕರೆದುಕೊಂಡು ಬಂದದ್ದು ಅದೇ ಓಣಿಯಿಂದ. ನಾನು ಮೊದಲು ಹೋದಾಗ ಬರೀ ಇಟ್ಟಿಗೆ ಗೋಡೆ. ಎರಡೂ ಕಡೆ ಭುಜ ತಾಗುವ ಹಾಗೆ ನಡೆಯುವಾಗಲೇ ಗೊತ್ತಾಗುತ್ತಿತ್ತು, ಒಳಗಿದ್ದವರಿಗೆ ಓಡಿ ಹೋಗೋಕೆ ದಾರಿ ಇರಲಿಲ್ಲ ಅಂತ. ಯಾರೂ ಹೇಳಿಕೊಡಬೇಕಿರಲಿಲ್ಲ. 2021ರಲ್ಲಿ ನವೀಕರಣ ಮಾಡಿ ಆ ಗೋಡೆಗಳ ತುಂಬ ನಗುಮುಖದ ಶಿಲ್ಪಗಳನ್ನು ಕೂರಿಸಿದರು. ದೇಶ ವಿದೇಶದ ಇತಿಹಾಸಕಾರರು ಬೈದರು. ಈಗ ಅಲ್ಲಿ ಜನ ಶಿಲ್ಪದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಾರೆ. ತುಂಬಿಸಬೇಕು ಅನ್ನೋ ಚಪಲ, ಅಷ್ಟೇ.

ಕನ್ನಡ ಮಾಸ್ತರು | ಸೋಮವಾರ, ಸಂಜೆ 5:20

ಪ್ರವಾಸಕ್ಕೆ ಅಂತ ಮಕ್ಕಳನ್ನು ಕರೆದುಕೊಂಡು ವರ್ಷಾ ವರ್ಷಾ ಹೋಗುವವನು ನಾನು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದರೆ ಮಕ್ಕಳಿಗೆ ಹಬ್ಬ. ಕಂಡ ಬಟನ್ನೆಲ್ಲ ಒತ್ತುತ್ತಾರೆ, ಏನಾಗುತ್ತೆ ಅಂತ ನೋಡೋ ಮೊದಲೇ ಮುಂದಿನ ಬಟನ್ನಿಗೆ ಓಡುತ್ತಾರೆ. ವಾಪಸ್ ಬಂದು ಪ್ರಬಂಧ ಬರೆಸಿದರೆ ನಲವತ್ತು ಮಕ್ಕಳಲ್ಲಿ ಮೂವತ್ತು ಜನ ಡೈನೋಸಾರ್ ಬರೀತಾರೆ. ಹಾಗಾಗಿ ನಿಮ್ಮ ನೀಲಿ ದೀಪದ ಬಟನ್ ಬಗ್ಗೆ ನನಗೆ ಭ್ರಮೆ ಇಲ್ಲ.

ಒಂದು ಸಲ ಮಾತ್ರ ಬೇರೆ ಥರ ಆಯಿತು. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ. 1968ರಿಂದ ಇರುವ ಸಂಗ್ರಹ ಅದು. ಪಿ.ಆರ್. ತಿಪ್ಪೇಸ್ವಾಮಿಯಂಥವರು ಹಳ್ಳಿ ಹಳ್ಳಿ ತಿರುಗಿ ತಂದ ಸಾಮಾನು. (ಗುಡಿಸಲಿನ ಸಾಮಾನನ್ನೆಲ್ಲ ಅರಮನೆಯೊಳಗೆ ಇಟ್ಟಿದ್ದಾರೆ ಅನ್ನುವುದೇ ಒಂದು ತಮಾಷೆ, ಇರಲಿ.) ಅಲ್ಲಿ ಒಬ್ಬ ಹುಡುಗಿ ಒಂದು ನೇಗಿಲಿನ ಮುಂದೆ ನಿಂತು "ಸಾರ್, ಇದರಲ್ಲಿ ಒಂದು ಬೆಣೆ ಇಲ್ಲ, ನಮ್ಮಜ್ಜನ ನೇಗಿಲಲ್ಲಿ ಇದೆ" ಅಂದಳು. ಉಳಿದವರೆಲ್ಲ ಅವಳ ಸುತ್ತ ಸೇರಿದರು. ಹತ್ತು ನಿಮಿಷ ಅವಳದೇ ಪಾಠ. ನನಗೆ ತಿಳಿದ ಮಟ್ಟಿಗೆ ಅಲ್ಲಿ ನಡೆದ ಒಳ್ಳೆಯ ಪಾಠ ಅದೊಂದೇ, ಮತ್ತು ಅದನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ.

ಕಾರ್ಗಲ್ ಕಾಲೊನಿ | ಸೋಮವಾರ, ರಾತ್ರಿ 8:45

ಸ್ವಲ್ಪ ಕಹಿ ಮಾತಾಡ್ತೀನಿ, ಬೇಜಾರಾಗಬೇಡಿ. ನಮ್ಮಪ್ಪ ಲಿಂಗನಮಕ್ಕಿ ಕೆಲಸಕ್ಕೆ ಬಂದವರು. ನಾನು ಹುಟ್ಟಿ ಬೆಳೆದದ್ದು ಕಾರ್ಗಲ್ಲಿನ ಕಾಲೊನಿಯಲ್ಲಿ. ಮುಳುಗಡೆ ಅಂತ ಮಾತು ಬಂದಾಗೆಲ್ಲ ನಮ್ಮನ್ನು ಕಳ್ಳರ ಹಾಗೆ ನೋಡ್ತಾರೆ. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್. ದಶಕಗಳ ಕಾಲ ರಾಜ್ಯದ ದೀಪ ಉರಿದದ್ದು ಅದರಿಂದ. ಅಣೆಕಟ್ಟು ಕಟ್ಟಲು ಎಲ್ಲೆಲ್ಲಿಂದಲೋ ಬಂದ ಕೂಲಿಯವರು ತಗಡಿನ ಶೆಡ್ಡಿನಲ್ಲಿ, ಮಲೆನಾಡ ಮಳೆಯಲ್ಲಿ, ಜ್ವರದಲ್ಲಿ ವರ್ಷಗಟ್ಟಲೆ ಇದ್ದರು. ಅವರದೂ ನೆನಪಲ್ಲವೇ? ನಿಮ್ಮ ಕೋಣೆಯಲ್ಲಿ ನಮ್ಮಪ್ಪನ ಹೆಲ್ಮೆಟ್ಟಿಗೆ ಜಾಗ ಇದೆಯಾ?

ನೇರ ಮಾತು | ಸೋಮವಾರ, ರಾತ್ರಿ 8:58

ಇದು ಮಾತು ಅಂದ್ರೆ. ಅತ್ತು ಅತ್ತು ಮ್ಯೂಸಿಯಂ ಮಾಡೋದ್ರಲ್ಲಿ ಏನಿದೆ.

ಹಿನ್ನೀರ ಪಕ್ಕದವ | ಸೋಮವಾರ, ರಾತ್ರಿ 9:30

ಕಾರ್ಗಲ್ಲಿನವರೇ, ಹೆಲ್ಮೆಟ್ ಕೊಡ್ತೀರಾ? ಕೊಟ್ಟರೆ ಖಂಡಿತ ಇಡ್ತೀವಿ. ಆದರೆ ಒಂದು ಮಾತು. ನಮ್ಮೂರಿಗೆ ಕರೆಂಟ್ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿವರೆಗೆ ಮುಳುಗಡೆಯವರ ಮನೆಯಲ್ಲಿ ಚಿಮಣಿ ಬುಡ್ಡಿ. ಬುಡ್ಡಿಯನ್ನೂ ನಿಮ್ಮ ಹೆಲ್ಮೆಟ್ಟನ್ನೂ ಒಂದೇ ಹಲಗೆ ಮೇಲೆ ಇಡೋಣ. ಕೆಳಗೆ ಏನೂ ಬರೆಯೋದು ಬೇಡ.

ಕಾರ್ಗಲ್ ಕಾಲೊನಿ | ಸೋಮವಾರ, ರಾತ್ರಿ 9:41

ತಂದುಕೊಡ್ತೀನಿ. ಅಮ್ಮನನ್ನು ಕೇಳಬೇಕು.

ರೈಲು ಬೋಗಿ | ಮಂಗಳವಾರ, ಮಧ್ಯಾಹ್ನ 1:15

ಭೋಪಾಲದಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದೆ. ಅಲ್ಲಿ ಅನಿಲ ದುರಂತದ ನೆನಪಿಗೆ ಒಂದು ಸಣ್ಣ ಮ್ಯೂಸಿಯಂ ಇದೆ. ದುರಂತಕ್ಕೆ ಮೂವತ್ತು ವರ್ಷ ತುಂಬಿದಾಗ, 2014ರಲ್ಲಿ, ತೆರೆದದ್ದು. ಸಂತ್ರಸ್ತರು ಮತ್ತು ಅವರ ಜೊತೆ ಹೋರಾಡಿದವರೇ ನಿಂತು ಮಾಡಿದ್ದು. ಸರ್ಕಾರದ ಹಣ, ಕಂಪನಿಗಳ ಹಣ ಎರಡೂ ಬೇಡ ಅಂದವರು. ದೊಡ್ಡ ಕಟ್ಟಡ ಅಲ್ಲ, ಸಾಮಾನ್ಯ ಮನೆಯಂಥದ್ದು. ಒಂದು ಮಗುವಿನ ಫ್ರಾಕು, ಒಂದು ಶಾಲು, ಅಂಥವು. ಪಕ್ಕದಲ್ಲಿ ಹಳೇ ಕಾಲದ ಟೆಲಿಫೋನ್ ರಿಸೀವರ್. ಎತ್ತಿ ಕಿವಿಗಿಟ್ಟರೆ ಆ ವಸ್ತುವಿನವರೇ ಮಾತಾಡ್ತಾರೆ.

ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸೋದು ಬೇರೆ, ರಿಸೀವರ್ ಎತ್ತೋದು ಬೇರೆ. ಎತ್ತಿದ ಮೇಲೆ ಮಧ್ಯದಲ್ಲಿ ಇಡೋಕೆ ಸಂಕೋಚ ಆಗುತ್ತೆ. ಎದುರಿಗೆ ಮನುಷ್ಯರಿದ್ದಾರೆ ಅನ್ನಿಸುತ್ತೆ. ನೀವೂ ಹಿರಿಯರ ಮಾತು ಈಗಲೇ ರೆಕಾರ್ಡ್ ಮಾಡಿಡಿ. 1964ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಗೊಂಬೆ ಮುಂದಿನ ವರ್ಷವೂ ಮಾಡಿಸಬಹುದು.

ಸಿಗಂದೂರು ಭಕ್ತ | ಮಂಗಳವಾರ, ಮಧ್ಯಾಹ್ನ 2:00

ಸಿಗಂದೂರಿಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಟಿಕೆಟ್ ಯಾರ ಹತ್ತಿರ ಇದ್ದರೂ ಎತ್ತಿಡಿ ಮಾರಾಯ್ರೆ. 2025ರಲ್ಲಿ ಸೇತುವೆ ಆಯ್ತು, ಇನ್ನು ಹತ್ತು ವರ್ಷಕ್ಕೆ ಲಾಂಚ್ ಅಂದರೆ ಏನು ಅಂತ ಕೇಳ್ತಾರೆ. ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ಕೂತ ಸಂಜೆಗಳದ್ದೇ ಒಂದು ಗೋಡೆ ಮಾಡಬಹುದು.

ಹೊಸಬ ನೋಡಿ | ಮಂಗಳವಾರ, ಸಂಜೆ 6:30

ಒಂದು ಐಡಿಯಾ. ಜೋಹಾನ್ಸ್‌ಬರ್ಗಿನ ಅಪಾರ್ಥೀಡ್ (ವರ್ಣಭೇದ ನೀತಿಯ) ಮ್ಯೂಸಿಯಂನಲ್ಲಿ ಟಿಕೆಟ್ ಕೊಡುವಾಗಲೇ "ಬಿಳಿಯರು" ಅಥವಾ "ಬಿಳಿಯರಲ್ಲದವರು" ಅಂತ ಸಿಕ್ಕಿದ್ದು ಕೊಡ್ತಾರೆ, ನಿಮ್ಮ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡು ಬೇರೆ ಬಾಗಿಲು. ಜೊತೆಗೆ ಬಂದ ಗಂಡ ಹೆಂಡತಿ ಬಾಗಿಲಲ್ಲೇ ಬೇರೆಯಾಗ್ತಾರೆ. ವಾಷಿಂಗ್ಟನ್ನಿನ ಹಾಲೊಕಾಸ್ಟ್ (ಯಹೂದಿಗಳ ನರಮೇಧದ) ಮ್ಯೂಸಿಯಂನಲ್ಲಿ ಕೈಗೆ ಒಬ್ಬ ನಿಜವಾದ ವ್ಯಕ್ತಿಯ ಗುರುತಿನ ಚೀಟಿ ಕೊಡ್ತಾರೆ. ಹಾಗೇ ನೀವೂ ಬಂದವರ ಕೈಗೆ ಒಂದು ನೋಟೀಸ್ ಕೊಡಿ: "ನಿಮ್ಮ ಮನೆ ಸಂಖ್ಯೆ ಇಷ್ಟು, ಇಷ್ಟು ದಿನದೊಳಗೆ ಖಾಲಿ ಮಾಡತಕ್ಕದ್ದು." ಸಖತ್ತಾಗಿರುತ್ತೆ.

ಹಿನ್ನೀರ ಪಕ್ಕದವ | ಬುಧವಾರ, ಬೆಳಿಗ್ಗೆ 7:05

ಈ ಐಡಿಯಾ ನನಗೂ ಹಿಡಿಸಿತು. ರಾತ್ರಿ ಊಟಕ್ಕೆ ಕೂತಾಗ ದೊಡ್ಡತ್ತೆಗೆ ಹೇಳಿದೆ. ಮನೆ ಬಿಟ್ಟು ಬಂದಾಗ ಅವರಿಗೆ ಹದಿನಾರು. ಕೇಳಿಸಿಕೊಂಡು ಸುಮ್ಮನಿದ್ದರು. ಕೈ ತೊಳೆದು ಬಂದಮೇಲೆ "ನಂಗೆ ಒಂದು ಸಲ ಬಂದದ್ದೇ ಸಾಕು, ಮತ್ತೆ ಬಾಗಿಲಲ್ಲಿ ನಿಂತು ಕೊಡ್ತ್ಯನಾ?" ಅಂದರು.

ಬೇಡ ಅಂತ ತೀರ್ಮಾನ ಮಾಡಿದೆ. ಹೊರಗಿನವರಿಗೆ ಅದು ಅನುಭವ. ನಮ್ಮ ಕೋಣೆಗೆ ಬರುವವರಲ್ಲಿ ಅರ್ಧ ಜನ ಆ ನೋಟೀಸನ್ನು ನಿಜವಾಗಿ ಪಡೆದವರು.

ಹೊಸಬ ನೋಡಿ | ಬುಧವಾರ, ಬೆಳಿಗ್ಗೆ 9:12

ಹೌದಲ್ಲ. ಕ್ಷಮಿಸಿ, ಅದು ಹೊಳೆಯಲಿಲ್ಲ.

ಗೇಣಿ ಮೊಮ್ಮಗ | ಗುರುವಾರ, ರಾತ್ರಿ 10:20

ನಾಲ್ಕು ದಿನದಿಂದ ಓದ್ತಾ ಇದ್ದೆ. ಬರೆಯೋದು ಬೇಡ ಅಂದುಕೊಂಡಿದ್ದೆ.

ನಿಮ್ಮ ಪಟ್ಟಿ ಮತ್ತೊಮ್ಮೆ ನೋಡಿ. ಕೆತ್ತನೆ ಬಾಗಿಲು, ಕಣಜ, ತಾಮ್ರದ ಹಂಡೆ, ಅಡಕತ್ತರಿ, ನೋಟೀಸು. ನಮ್ಮಜ್ಜನ ಮನೆಗೆ ಬಾಗಿಲು ಅಂತ ಇದ್ದದ್ದು ಬಿದಿರ ತಟ್ಟಿ. ಅದನ್ನು ಯಾರು ಗಾಡಿ ಮೇಲೆ ಹೇರಿಕೊಂಡು ಬರ್ತಾರೆ? ಕಣಜ ಇರಲಿಲ್ಲ, ಯಾಕಂದರೆ ತುಂಬೋಕೆ ಉಳೀತಿರಲಿಲ್ಲ. ಗೇಣಿ ಜಮೀನು, ಬೆಳೆದದ್ದರಲ್ಲಿ ಪಾಲು ಒಡೆಯರಿಗೆ ಅಳೆಯಬೇಕಿತ್ತು. ನೆಲ ಒಡೆಯರ ಹೆಸರಲ್ಲಿತ್ತು, ಹಾಗಾಗಿ ಪರಿಹಾರದ ಕಾಗದವೂ ಅವರ ಹೆಸರಿಗೇ ಬಂತು. ಗೇಣಿದಾರನಿಗೆ ಭೂಮಿ ಸಿಗುವ ಕಾನೂನು ಗಟ್ಟಿಯಾಗಿ ಬಂದದ್ದು 1974ರಲ್ಲಿ. ಅಷ್ಟರಲ್ಲಿ ನಮ್ಮ ಭೂಮಿ ನೀರಿನ ಕೆಳಗೆ ಹೋಗಿ ಹತ್ತು ವರ್ಷ ಆಗಿತ್ತು. ಯಾವ ಅರ್ಜಿ ಹಾಕೋದು?

ನಿಮ್ಮ ಮ್ಯೂಸಿಯಂನಲ್ಲಿ ಸಾಮಾನು ಇದ್ದವರ ನೆನಪು ಮಾತ್ರ ಉಳಿಯುತ್ತೆ. ಉಳಿದವರು ಎಲ್ಲಿಗೆ ಹೋದರು? ಇನ್ನೊಂದು ಸಲ ಮುಳುಗಿದರು.

ಮತ್ತೆ ಆ ಕೊಳಗ. ಅದರ ಕೆಳಗೆ ಏನು ಬರೀತೀರಿ? "ಭತ್ತ ಅಳೆಯುವ ಸಾಧನ" ಅಂತ ತಾನೇ? ಸಾಗರ ತಾಲ್ಲೂಕಿನಲ್ಲಿ ಕೂತು ಹಾಗೆ ಬರೆಯೋಕೆ ಆಗುತ್ತಾ? ಕಾಗೋಡು ನಿಮ್ಮಿಂದ ಎಷ್ಟು ದೂರ? 1951ರಲ್ಲಿ ಅಲ್ಲಿ ಮುಂದಾಳು ಗಣಪತಿಯಪ್ಪನವರ ಜೊತೆ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಒಡೆಯರ ಮನೆಯ ಕೊಳಗ ದೊಡ್ಡದು, ಅಳತೆ ಸರಿ ಇಲ್ಲ ಅಂತಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ದಸ್ತಗಿರಿ ಆದದ್ದು, ಶಾಂತವೇರಿ ಗೋಪಾಲಗೌಡರು ಓಡಾಡಿದ್ದು ಎಲ್ಲ ಈ ಒಂದು ಅಳತೆಯ ಸುತ್ತ.

ಗಾಜಿನ ಪೆಟ್ಟಿಗೆ | ಗುರುವಾರ, ರಾತ್ರಿ 11:50

ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ಪಟ್ಟಿ ಓದಿದಾಗ ನನಗೆ ಇದು ಕಾಣಲಿಲ್ಲ. ಲ್ಯಾಮಿನೇಷನ್ ಕಂಡಿತು.

ನೇರ ಮಾತು | ಶುಕ್ರವಾರ, ಬೆಳಿಗ್ಗೆ 7:30

ಬಂತು ನೋಡಿ ಜಾತಿ. ಒಂದು ಒಳ್ಳೆ ಕೆಲಸ ಮಾಡೋಕೆ ಬಿಡಲ್ಲ.

ಗೇಣಿ ಮೊಮ್ಮಗ | ಶುಕ್ರವಾರ, ಬೆಳಿಗ್ಗೆ 7:44

ನಾನು ಜಾತಿ ಹೆಸರು ಎಲ್ಲಿ ತಂದೆ? ಕೊಳಗ ಅಂದೆ. ನಿಮಗೇ ಕೇಳಿಸಿತು.

ನ್ಯೂಜೆರ್ಸಿ ನಂಜುಂಡ | ಶುಕ್ರವಾರ, ಬೆಳಿಗ್ಗೆ 8:20

ಒಂದು ಫಲಕಕ್ಕೆ ಇಷ್ಟು ಜಗಳವಾ ಅಂತ ಅನ್ನಿಸಿದವರಿಗೆ: ಹಿರೋಶಿಮಾಕ್ಕೆ ಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಿಮಾನ ಮ್ಯೂಸಿಯಂನಲ್ಲಿ 1995ರಲ್ಲಿ, ಐವತ್ತು ವರ್ಷದ ನೆನಪಿಗೆ, ತೋರಿಸಬೇಕು ಅಂತ ಇತ್ತು. ಕೆಳಗೆ ಸತ್ತವರ ಬಗ್ಗೆ ಎಷ್ಟು ಬರೆಯಬೇಕು, ಬಾಂಬ್ ಹಾಕಿದ್ದು ಸರಿಯೋ ಅಲ್ಲವೋ ಅನ್ನೋ ಚರ್ಚೆ ಇರಬೇಕೋ ಬೇಡವೋ ಅಂತ ಮಾಜಿ ಸೈನಿಕರ ಸಂಘಗಳು, ಸಂಸತ್ತಿನವರು, ಇತಿಹಾಸಕಾರರು ಎಲ್ಲ ಜಗಳಕ್ಕೆ ಬಿದ್ದರು. ಕೊನೆಗೆ ಮೂಲ ಪ್ರದರ್ಶನವೇ ರದ್ದು. ವಿಮಾನದ ಮುಂಭಾಗ ಇಟ್ಟು ಚಿಕ್ಕದಾಗಿ ಬರೆದು ಕೈತೊಳೆದುಕೊಂಡರು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಹಾಗಾಗಿ ಕೊಳಗದ ಜಗಳ ಸಣ್ಣದಲ್ಲ.

ಹಿನ್ನೀರ ಪಕ್ಕದವ | ಶನಿವಾರ, ರಾತ್ರಿ 9:15

ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ. ಬರೆದು ಅಳಿಸಿದೆ.

ಗೇಣಿ ಮೊಮ್ಮಗನವರೇ, ಕೊಳಗ ನಮ್ಮ ಮನೆಯದು ಅಂತ ಮೊದಲೇ ಬರೆದಿದ್ದೆ. ನಿನ್ನೆ ಅಟ್ಟ ಹತ್ತಿ ನೋಡಿದೆ. ಅಲ್ಲಿ ಇನ್ನೊಂದು ಕೊಳಗ ಇದೆ, ಇದಕ್ಕಿಂತ ಚಿಕ್ಕದು. ಅಪ್ಪನನ್ನು ಕೇಳಿದೆ. "ಅದು ಅಡಿಕೆಗೆ ಇಟ್ಟಿದ್ದು" ಅಂದರು. ದೊಡ್ಡತ್ತೆಯನ್ನು ಕೇಳಿದೆ. "ನಿಮ್ಮಪ್ಪಂಗೆ ಆಗ ಐದು ವರ್ಷ, ಅವಂಗೆ ಎಂತ ಗೊತ್ತು" ಅಂದರು, ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಎರಡನ್ನೂ ಕೋಣೆಗೆ ತಂದಿಡ್ತೀನಿ. ಕೆಳಗೆ ಬರೆಯುವ ಮಾತು ನೀವು ಬರೆದುಕೊಡ್ತೀರಾ?

ಗೇಣಿ ಮೊಮ್ಮಗ | ಶನಿವಾರ, ರಾತ್ರಿ 10:02

ನಾನೊಬ್ಬನೇ ಬರೆದರೆ ಅದೂ ಒಂದು ಕಡೆಯದೇ ಆಗುತ್ತೆ. ಇದು ಕರಡು, ತಿದ್ದಿ: "ಕೊಳಗ, 2. ಸಾಗರ ತಾಲ್ಲೂಕಿನ ಒಂದೇ ಮನೆಯಿಂದ ಬಂದವು. ಗೇಣಿ ಭತ್ತವನ್ನು ಕೊಳಗದಿಂದ ಅಳೆಯುತ್ತಿದ್ದರು. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಕೊಳಗದ ಅಳತೆಯನ್ನು ಪ್ರಶ್ನಿಸಿ ಸತ್ಯಾಗ್ರಹ ಮಾಡಿದರು."

ಗಾಜಿನ ಪೆಟ್ಟಿಗೆ | ಶನಿವಾರ, ರಾತ್ರಿ 10:40

ಒಂದೇ ಒಂದು ಅಕ್ಷರ ಮುಟ್ಟಬೇಡಿ. ಇಪ್ಪತ್ತು ಪದವೂ ದಾಟಿಲ್ಲ, ನಿಂತಲ್ಲೇ ಓದಿ ಮುಗಿಯುತ್ತೆ. ನನ್ನದೊಂದು ಸೇರ್ಪಡೆ. ಈ ಎರಡನ್ನು ಗಾಜಿನೊಳಗೆ ಇಡಬೇಡಿ. ಕೆಳಗೆ ಒಂದು ಗೋಣಿ ಚೀಲ ಹಾಸಿ, ಪಕ್ಕದಲ್ಲಿ ಭತ್ತ ಇಡಿ. ಬಂದವರು ಅಳೆದು ನೋಡಲಿ. ದೊಡ್ಡ ಕೊಳಗದ ಭತ್ತ ಚಿಕ್ಕದಕ್ಕೆ ಸುರಿದಾಗ ಹೊರಗೆ ಚೆಲ್ಲುತ್ತಲ್ಲ, ಅದನ್ನು ಗುಡಿಸಬೇಡಿ.

ಕನ್ನಡ ಮಾಸ್ತರು | ಭಾನುವಾರ, ಬೆಳಿಗ್ಗೆ 6:15

ಇಲಿ ಬರುತ್ತೆ. ಉಳಿದದ್ದೆಲ್ಲ ಒಪ್ಪಿದೆ. ಮಕ್ಕಳನ್ನು ಕರೆದುಕೊಂಡು ಬರ್ತೀನಿ.

ಗಾಜಿನ ಪೆಟ್ಟಿಗೆ | ಭಾನುವಾರ, ಬೆಳಿಗ್ಗೆ 11:30

ಸಾಮಾನು ಇಲ್ಲದವರ ನೆನಪು ಹೇಗೆ ತರೋದು ಅನ್ನೋದನ್ನೇ ರಾತ್ರಿಯಿಡೀ ಯೋಚನೆ ಮಾಡಿದೆ. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕ ಇದೆ, 1982ರದ್ದು. ಮಾಯಾ ಲಿನ್ ಅನ್ನೋ ವಿದ್ಯಾರ್ಥಿನಿ ಮಾಡಿದ ವಿನ್ಯಾಸ. ಕಪ್ಪು ಕಲ್ಲಿನ ಮೇಲೆ ಬರೀ ಹೆಸರುಗಳು. ಅಕಾರಾದಿಯಾಗಿ ಬರೆದಿದ್ದರೆ ಟೆಲಿಫೋನ್ ಡೈರೆಕ್ಟರಿ ಆಗುತ್ತಿತ್ತು. ಆಕೆ ಸತ್ತ ದಿನಾಂಕದ ಪ್ರಕಾರ ಬರೆಸಿದರು. ಹಾಗಾಗಿ ಒಟ್ಟಿಗೆ ಸತ್ತ ಗೆಳೆಯರು ಕಲ್ಲಿನ ಮೇಲೂ ಅಕ್ಕಪಕ್ಕದಲ್ಲೇ ಇದ್ದಾರೆ.

ನೀವು ನೆಲದ ಮೇಲೆ ಮುಳುಗಿದ ಊರಿನ ನಕ್ಷೆ ಬರೆಯಿರಿ. ಹೊಳೆ, ದಾರಿ, ದೇವಸ್ಥಾನ ಇಷ್ಟೇ. ಮನೆಗಳನ್ನು ನೀವು ಹಾಕಬೇಡಿ. ಸೀಮೆಸುಣ್ಣ ಇಡಿ. ಪರಿಹಾರದ ಪಟ್ಟಿಯಲ್ಲಿ ಇದ್ದವರು ಇಲ್ಲದವರು ಅಂತ ಇಲ್ಲ, ಬಂದವರು ತಮ್ಮ ಮನೆ ತಾವೇ ಹಾಕಲಿ.

ಹಿನ್ನೀರ ಪಕ್ಕದವ | ಮೂರು ವಾರದ ನಂತರ, ಭಾನುವಾರ ರಾತ್ರಿ

ಸುದ್ದಿ ಹೇಳ್ತೀನಿ.

ನಕ್ಷೆ ಬರೆದೆವು. ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಸುಣ್ಣದಲ್ಲಿ. ಇವತ್ತು ಸುತ್ತಲಿನ ಹಿರಿಯರನ್ನೆಲ್ಲ ಕರೆದಿದ್ದೆವು. ಇಪ್ಪತ್ತು ಜನ ಬರಬಹುದು ಅಂದುಕೊಂಡಿದ್ದೆ. ಎಪ್ಪತ್ತಕ್ಕೂ ಮೇಲೆ ಬಂದರು, ಎರಡು ಸಲ ಕಷಾಯ ಕಾಯಿಸಬೇಕಾಯಿತು.

ಮೊದಲ ಕಾಲು ಗಂಟೆ ಯಾರೂ ಸೀಮೆಸುಣ್ಣ ಮುಟ್ಟಲಿಲ್ಲ. ಗೋಡೆ ಬದಿಗೆ ಸಾಲಾಗಿ ನಿಂತಿದ್ದರು, ಊರಿನ ಮೇಲೆ ಕಾಲಿಡೋಕೆ ಹಿಂಜರಿದವರ ಹಾಗೆ. ಆಮೇಲೆ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಗ್ಗಿ ಒಂದು ಚೌಕ ಹಾಕಿದರು. ಹಿಂದಿನಿಂದ ಇನ್ನೊಬ್ಬರು "ಅಲ್ಲಲ್ಲ, ನಿಮ್ಮನೆ ಹಲಸಿನ ಮರದಿಂದ ಆಚೆ" ಅಂದರು. "ಯಾವ ಹಲಸಿನ ಮರ?" ಅಲ್ಲಿಂದ ಶುರು. ಮಧ್ಯಾಹ್ನದವರೆಗೂ ಜಗಳವೇ ಜಗಳ. ನಾವು ಬರೆದಿದ್ದ ದಾರಿ ತಪ್ಪು ಅಂತ ಅಳಿಸಿ ಹೊಸದು ಹಾಕಿದರು. ಹೊಳೆಯನ್ನು ಕೂಡ ಸ್ವಲ್ಪ ಸರಿಸಿದರು! ಸಂಜೆ ಹೊತ್ತಿಗೆ ಎಣಿಸಿದರೆ ನಮ್ಮ ಬಳಿ ಇದ್ದ ಪಟ್ಟಿಯಲ್ಲಿದ್ದ ಮನೆಗಳು ಹನ್ನೊಂದು, ನೆಲದ ಮೇಲೆ ಮೂವತ್ತೆರಡು.

ಥರ್ಮೊಕೋಲ್ ಅಣೆಕಟ್ಟು ಆಗಲೇ ಬಂದುಬಿಟ್ಟಿತ್ತು. ನಕ್ಷೆಗೆ ಜಾಗ ಸಾಲದೆ ಅದನ್ನು ಹೊರಗೆ ಜಗಲಿಗೆ ಎತ್ತಿಟ್ಟೆವು. ಮಕ್ಕಳು ಸಂಜೆವರೆಗೆ ಬಟನ್ ಒತ್ತಿದರು. ಗೊಂಬೆಯದು ಇನ್ನೂ ತೀರ್ಮಾನ ಆಗಿಲ್ಲ. ಅಧ್ಯಕ್ಷರು ಪಟ್ಟು ಬಿಟ್ಟಿಲ್ಲ.

ಕೊಳಗದ ಹತ್ತಿರ ದೊಡ್ಡತ್ತೆ ಬಂದು ನಿಂತಿದ್ದರು. ಫಲಕ ಓದಿದರು. ನನ್ನ ಜೊತೆ ಇವತ್ತು ಮಾತಾಡಿಲ್ಲ.

ಕಾರ್ಗಲ್ ಕಾಲೊನಿ | ಭಾನುವಾರ, ರಾತ್ರಿ 10:10

ನಾನೂ ಬಂದಿದ್ದೆ. ಹೇಳಿಕೊಳ್ಳಲಿಲ್ಲ. ಹೆಲ್ಮೆಟ್ ಬುಡ್ಡಿಯ ಪಕ್ಕ ಇಟ್ಟು ಬಂದಿದ್ದೇನೆ. ಒಳಗಡೆ ಅಪ್ಪನ ಹೆಸರು ಪೇಂಟಿನಲ್ಲಿ ಇದೆ.

ಗೇಣಿ ಮೊಮ್ಮಗ | ಭಾನುವಾರ, ರಾತ್ರಿ 10:35

ಅಮ್ಮನನ್ನು ಕರೆದುಕೊಂಡು ಬಂದಿದ್ದೆ. ಮೂವತ್ತೆರಡರಲ್ಲಿ ಒಂದು ನಮ್ಮದು, ದೇವಸ್ಥಾನದಿಂದ ದೂರದಲ್ಲಿ, ಗದ್ದೆ ಅಂಚಿಗೆ ಇರೋದು. ಅಮ್ಮ ಹಾಕಿದ್ದು.

ಒಂದು ವಿಷಯ ಕೇಳಬೇಕಿತ್ತು. ನಮ್ಮನೆಯಲ್ಲಿ ಮದುವೆಗೆ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನಿಂದ ಹಸೆ ಚಿತ್ತಾರ ಬರೀತಿದ್ದರು, ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಚಿತ್ತಾರ ಬರೀತಾರೆ. ಮನೆ ಬಿಡುವಾಗ ಗೋಡೆ ತರೋಕೆ ಆಗಲಿಲ್ಲ, ಆದರೆ ಕೈ ಬಂತು. ಅಮ್ಮನಿಗೆ, ಚಿಕ್ಕಮ್ಮನಿಗೆ ಇವತ್ತಿಗೂ ಬರುತ್ತೆ. ಪೂರ್ವದ ಗೋಡೆ ಖಾಲಿ ಇದೆಯಲ್ಲ, ಅಲ್ಲಿ ಬರೀತೀವಿ ಅಂತಾರೆ. ಮುಳುಗಿದ ಮನೆಯಲ್ಲಿ ಅವರ ಅಜ್ಜಿ ಬರೆದಿದ್ದ ಚಿತ್ತಾರ.

ಹಿನ್ನೀರ ಪಕ್ಕದವ | ಭಾನುವಾರ, ರಾತ್ರಿ 10:41

ನಾಳೆಯೇ ಬರಲಿ. ಫ್ಲೆಕ್ಸ್ ಹಾಕೋಕೆ ಅಂತ ಆ ಗೋಡೆ ಬಿಟ್ಟಿದ್ದರು. ಹೋದವಾರ ಬಿಳಿ ಎಮಲ್ಷನ್ ಬಳಿಸಿ ರೆಡಿ ಇದೆ.

ಗೇಣಿ ಮೊಮ್ಮಗ | ಭಾನುವಾರ, ರಾತ್ರಿ 10:52

ಎಮಲ್ಷನ್ ಆಗಲ್ಲ ಅಂತೆ, ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಅಕ್ಕಿ ಹಿಟ್ಟು ಹಿಡಿಯಲ್ಲ, ಉದುರಿ ಹೋಗುತ್ತೆ. ಬಣ್ಣ ಕೆರೆದು, ಮಣ್ಣಿನ ಗಿಲಾವು ಮಾಡಿ, ಮೇಲೆ ಕೆಮ್ಮಣ್ಣು ಬಳಿಯಬೇಕು. ಪುಂಡಿ ನಾರಿನ ಕುಂಚ ಅವರೇ ಮಾಡಿಕೊಳ್ತಾರೆ.

ಹಿನ್ನೀರ ಪಕ್ಕದವ | ಭಾನುವಾರ, ರಾತ್ರಿ 11:04

ಅಧ್ಯಕ್ಷರಿಗೆ ಬಣ್ಣದ ಬಿಲ್ ನೆನಪಾಗುತ್ತೆ. ಆಗಲಿ, ಕೆರೆಯೋಣ. ಗಿಲಾವು ಮಾಡೋ ಹಳಬರು ಸಾಗರದ ಕಡೆ ಯಾರಾದರೂ ಇದ್ದಾರಾ?

ಸಿಗಂದೂರು ಭಕ್ತ | ಭಾನುವಾರ, ರಾತ್ರಿ 11:20

ನಮ್ಮೂರಲ್ಲಿ ಒಬ್ಬರಿದ್ದಾರೆ. ಮಳೆ ಹಿಡಿಯೋ ಮೊದಲು ಮುಗಿಸಬೇಕು ಅಂತಾರೆ. ಬೆಳಿಗ್ಗೆ ಕೇಳಿ ಹೇಳ್ತೀನಿ. ಹಾಂ, ಲಾಂಚಿನ ಟಿಕೆಟ್ ನಾಲ್ಕು ಸಿಕ್ಕಿದೆ.